ಪಂಚಮಿಗೆ ಕರೆಯಲು ಹೋದದ್ದು

ನಮ್ಮ ಮನೆಯಲ್ಲಿ ಕೆಲವು ಮಾತುಗಳನ್ನು ಆಡುವುದಿಲ್ಲ. ದೀಪ ಆರಿಸು ಎನ್ನುವುದಿಲ್ಲ, ಶಾಂತ ಮಾಡು ಎನ್ನುತ್ತೇವೆ. ಬಳೆ ಒಡೆದರೆ ಹೆಚ್ಚಿತು ಎನ್ನುತ್ತೇವೆ. ಯಾರಾದರೂ ತಪ್ಪಿ ಕೆಟ್ಟದ್ದನ್ನು ಬಾಯಿಗೆ ತಂದರೆ ಅವ್ವ ಕೂಡಲೇ "ಬಿಡ್ತು ಅನ್ನು" ಎಂದು ಗದರಿಸುತ್ತಾಳೆ, ಅನ್ನುವವರೆಗೆ ರೊಟ್ಟಿ ಬಡಿಸುವುದಿಲ್ಲ. ಎಂ.ಎಸ್ಸಿ. ಮುಗಿಸಿ ಜೇವರ್ಗಿಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ನಾನೂ ಬಿಡ್ತು ಎಂದೇ ಊಟ ಮಾಡಿದವಳು. ಈ ರೂಢಿಯಿಂದಾಗಿ ಅಕ್ಕನ ಮಗಳು ಒಮ್ಮೆ ಅಪಾಯವಿದ್ದ ಮನೆಗೇ ಮರಳಿ ಹೋಗುವುದರಲ್ಲಿದ್ದಳು.

ಅಕ್ಕನನ್ನು ಕೊಟ್ಟದ್ದು ಭೀಮಾ ಹೊಳೆಯ ಆಚೆಗೆ, ಅಫಜಲಪುರ ತಾಲೂಕಿನ ಒಂದು ಊರಿಗೆ. ಅವಳ ಗಂಡ, ನಾನು ಮಾಮಾ ಎಂದು ಕರೆಯುವವರು, ಸ್ವಂತ ಟ್ರ್ಯಾಕ್ಟರಿನಲ್ಲಿ ಕಬ್ಬು ಸಾಗಿಸುತ್ತಿದ್ದರು. ಸಿಟ್ಟಿನ ಮನುಷ್ಯರಲ್ಲ. ನನ್ನನ್ನು ಮಾಸ್ತರಬಾಯಿ ಎಂದು ಛೇಡಿಸುತ್ತಿದ್ದರು. ಕಾಮಾಲೆಯಿಂದ ಅಕ್ಕ ತೀರಿಕೊಂಡ ಮೇಲೆ ಅವರು ಕುಡಿಯತೊಡಗಿದರು. ಒಬ್ಬಳೇ ಮಗಳನ್ನು ನಮ್ಮಲ್ಲಿಗೆ ಕಳಿಸಿರೆಂದು ನಾವು ಕೇಳಿದಾಗಲೆಲ್ಲ, "ಅಕೀನೂ ಹೋದ್ರ ಈ ಮನ್ಯಾಗ ಏನ ಉಳೀತದ?" ಎನ್ನುತ್ತಿದ್ದರು.

ಶ್ರಾವಣದ ಆರಂಭದಲ್ಲಿ ಒಂದು ಬೆಳಿಗ್ಗೆ ಅವರ ಪಕ್ಕದ ಮನೆಯಾಕೆ ಫೋನ್ ಮಾಡಿದಳು.

"ತಂಗೀ, ನಾ ಹೇಳೀನಿ ಅಂತ ಯಾರ ಮುಂದೂ ಅನಬ್ಯಾಡ. ಕೂಸಿನ್ನ ತೊಡಿ ಮ್ಯಾಲ ಕುಂಡ್ರಿಸಿಕೊಂಡು, ನಡಿ, ಇಬ್ಬರೂ ನಿಮ್ಮವ್ವನ ಹತ್ರ ಹೋಗಿಬಿಡೂಣು ಅನ್ನಾಕತ್ತಾನ. ನಿನ್ನಿ ಟ್ರ್ಯಾಕ್ಟರ್ ಮ್ಯಾಲ ಹಾಕ್ಕೊಂಡು ಹೊಳಿ ದಂಡಿಗಿ ಒಯ್ದಿದ್ದ. ನಮ್ಮ ಮನಿಯವರು ಹಿಂದ ಓಡಿ ಹೋಗಿ ಕರಕೊಂಡು ಬಂದ್ರು. ದಿನಾ ಹಿಂದ ಓಡಾಕ ಆಗ್ತದೇನವಾ?"

"ಈಗ ಕೂಸು ಎಲ್ಲದ?"

"ನಮ್ಮ ಮನ್ಯಾಗ. ಉಂಡಿ ಕಟ್ಟಾಕ ಕೈ ಬೇಕು ಅಂತ ಕರಕೊಂಡೇನಿ. ಲಗೂ ಬರ್ರಿ."

ನಾನು ಮಕ್ಕಳ ಸಹಾಯವಾಣಿಗೆ ಕರೆ ಮಾಡಿದೆ. ಆ ಕಡೆಯ ಹುಡುಗಿ ಗಾಬರಿಯಾಗಲಿಲ್ಲ. ಮಗು ಯಾರ ಬಳಿಯಿದೆ, ತಂದೆ ಎಲ್ಲಿದ್ದಾರೆ, ನೀವು ಮಗುವಿಗೆ ಏನಾಗಬೇಕು, ಇಷ್ಟನ್ನು ಕೇಳಿ, ಮಕ್ಕಳ ರಕ್ಷಣಾ ಘಟಕದವರೂ ಪೊಲೀಸರೂ ಊರಿಗೆ ಬರುತ್ತಾರೆ, ನೀವೂ ಹೊರಡಿ ಎಂದಳು. ತಂದೆ ಬದುಕಿರುವಾಗ ಮಗುವನ್ನು ನಮ್ಮಷ್ಟಕ್ಕೆ ನಾವೇ ಇಟ್ಟುಕೊಳ್ಳುವಂತಿರಲಿಲ್ಲ. ಕಲಬುರಗಿಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಅಪಾಯ ಇದೆ ಎಂದು ಅವರಿಗೆ ಮನವರಿಕೆಯಾದರೆ ಸದ್ಯಕ್ಕೆ ನಮ್ಮ ವಶಕ್ಕೆ ಕೊಡುತ್ತಾರೆ, ಇಲ್ಲದಿದ್ದರೆ ಮಗು ತಂದೆಯ ಮನೆಗೇ ಹೋಗುತ್ತದೆ.

ನಾನು ಕಾಲೇಜಿಗೆ ರಜೆ ಹೇಳಿ ಗಾಡಿ ಗೊತ್ತುಮಾಡಿ ಬರುವಷ್ಟರಲ್ಲಿ ಅವ್ವ ಶೇಂಗಾ ಉಂಡಿ, ಎಳ್ಳುಂಡಿ ತುಂಬಿದ ಬುಟ್ಟಿಗೆ ಬಿಳಿ ಬಟ್ಟೆ ಕಟ್ಟಿ ಬಾಗಿಲಲ್ಲಿ ನಿಂತಿದ್ದಳು.

"ಇದ್ಯಾಕಬೇ?"

"ಪಂಚಮಿಗೆ ಕರಿಯಾಕ ಬಂದೇವಿ ಅಂತೇನಿ. ಕರಿಯಾಕ ಬಂದವರನ್ನ ಯಾರೂ ಇಲ್ಲ ಅನ್ನೂದಿಲ್ಲ."

ನಮ್ಮ ಕಡೆ ನಾಗರಪಂಚಮಿಗೆ ಹೆಣ್ಣುಮಕ್ಕಳನ್ನು ತವರಿನವರು ಬಂದು ಕರೆದೊಯ್ಯಬೇಕು. ಅವ್ವನನ್ನು ಕರೆಯಲು ಆಳಂದದಿಂದ ಸೋದರಮಾವ ಈಗಲೂ ಬರುತ್ತಾರೆ. ಮಂಡಿನೋವಿದೆ, ಬಸ್ಸಿನಲ್ಲಿ ಸೀಟು ಸಿಗುವುದಿಲ್ಲ ಎಂದು ಗೊಣಗುತ್ತಲೇ ಬರುತ್ತಾರೆ. ಅಕ್ಕ ಹೋದ ಮೇಲೆ ಹೊಳೆಯಾಚೆಗೆ ನಮ್ಮ ಬುಟ್ಟಿ ಹೋಗಿರಲಿಲ್ಲ.

ಘತ್ತರಗಿಯ ಸೇತುವೆಯ ಕೆಳಗೆ ನೀರು ಕೆಂಪಗೆ, ಕಂಬಗಳಿಗೆ ಬಡಿಯುತ್ತ ಹರಿಯುತ್ತಿತ್ತು. ಅವ್ವ ಆ ಕಡೆ ನೋಡಲಿಲ್ಲ, ನಾನು ನೋಡಿದೆ.

ಊರ ಅಗಸೆಬಾಗಿಲಲ್ಲಿ ಮಕ್ಕಳ ರಕ್ಷಣಾ ಘಟಕದ ಮೇಡಂ ಒಬ್ಬರು, ಮಫ್ತಿಯಲ್ಲಿದ್ದ ಮಹಿಳಾ ಪೊಲೀಸ್ ಒಬ್ಬರು ಕಾಯುತ್ತಿದ್ದರು. ಬುಟ್ಟಿ ನೋಡಿ ಮೇಡಂ, "ಮೊದ್ಲ ನೀವ ಹೋಗ್ರಿ ಅವ್ವಾರ. ಜಗಳ ಇಲ್ಲದ ಬಂದ್ರ ಕೂಸಿಗಿ ಛಲೋ. ನಾವು ಬಾಗಿಲದಾಗ ಇರ್ತೇವಿ" ಎಂದರು.

ಮಾಮಾ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕುಳಿತಿದ್ದರು. ಗಡ್ಡ ಬೆಳೆದಿತ್ತು. ಬೆಳಿಗ್ಗೆಯೇ ಕುಡಿದಿದ್ದರು.

"ಪಂಚಮಿಗೆ ಕರಿಯಾಕ ಬಂದೇವಪ್ಪ" ಎಂದಳು ಅವ್ವ.

ಅವರು ಬುಟ್ಟಿಯನ್ನೇ ನೋಡಿದರು. "ಅಕಿ ಇಲ್ಲಲ್ರಿ ಅತ್ತಿ."

"ಅಕಿ ಮಗಳ ಅದಾಳಲ್ಲ."

ಅವರು ಎದ್ದು, ಪಕ್ಕದ ಮನೆಯಿಂದ ಬಂದ ಮಗುವಿನ ಕೈಯ ಬೆಲ್ಲವನ್ನು ತಾವೇ ತೊಳೆದರು. ಬೈತಲೆ ಸೊಟ್ಟಗೆ ತೆಗೆದು ತಲೆ ಬಾಚಿದರು. ಮೇಡಂ ಆಗ ಒಳಗೆ ಬಂದು, ತಾನು ಯಾರು, ಮಗುವನ್ನು ಎಲ್ಲಿಗೆ ಕರೆದೊಯ್ಯಬೇಕಾಗಿದೆ ಎನ್ನುವುದನ್ನು ಮುಚ್ಚಿಡದೆ ಹೇಳಿದರು. ಮಾಮಾಗೆ ಎಷ್ಟು ತಿಳಿಯಿತೋ. "ಹಬ್ಬ ಆದ ಮ್ಯಾಲ ಕಳಸ್ರಿ" ಎಂದಷ್ಟೇ ಹೇಳಿದರು. ಅವ್ವ ಹೂಂ ಎಂದಳು. ಪಕ್ಕದ ಮನೆಯಾಕೆಯ ಗಂಡ ಅವರ ಬಳಿ ಕುಳಿತ. "ನಾ ಇವನ್ನ ಬಿಟ್ಟು ಏಳಂಗಿಲ್ಲ, ನೀವು ನಡ್ರಿ" ಎಂದ.

ಕಲಬುರಗಿಯ ಆ ಕಚೇರಿಯಲ್ಲಿ ಮೇಜಿನ ಆಚೆ ಮೂವರು ಕುಳಿತಿದ್ದರು. ನಡುವೆ ಇದ್ದವರು ಬಿಳಿ ಕೂದಲಿನ ಅಧ್ಯಕ್ಷೆ. ಮಗುವನ್ನು ಒಬ್ಬರು ಪಕ್ಕದ ಕೋಣೆಗೆ ಕರೆದುಕೊಂಡು ಹೋದರು. ಅಧ್ಯಕ್ಷೆ ಅವ್ವನನ್ನು ಕೇಳಿದರು:

"ಏನಾತ್ರಿ ಅವ್ವಾರ?"

"ಏನಿಲ್ರಿ ಬಾಯಾರ. ಮಮ್ಮಗಳನ್ನ ಪಂಚಮಿಗೆ ಕರಕೊಂಡು ಬಂದೇವ್ರಿ."

"ಹಬ್ಬ ಮುಗಿದ ಮ್ಯಾಲ?"

"ಕಳಸ್ತೇವ್ರಿ. ಅಳಿಯ ಛಲೋ ಮನಷ್ಯಾ ಇದ್ದಾನ್ರಿ."

ಅಧ್ಯಕ್ಷೆ ಕನ್ನಡಕ ತೆಗೆದರು. "ಹಂಗಾರ ನಮ್ಮ ಹತ್ರ ಯಾಕ ಬಂದ್ರಿ? ಹಬ್ಬಕ್ಕ ಹೋಗಿ ಬರೂದಕ್ಕ ಆರ್ಡರ್ ಬೇಕಾಗೂದಿಲ್ಲ."

ಘಟಕದ ಮೇಡಂ ನೆರೆಯವರು ಫೋನಿನಲ್ಲಿ ತಿಳಿಸಿದ್ದರ ಬಗ್ಗೆ ಹೇಳಿದರು. ಅಧ್ಯಕ್ಷೆ ತಲೆಯಾಡಿಸಿ, "ಕಣ್ಣಾರೆ ನೋಡಿದವರು ಬಂದಿಲ್ಲ. ಮನಿಯವರು ಏನೂ ಇಲ್ಲ ಅನ್ನಾಕತ್ತಾರ" ಎಂದು ನನ್ನ ಕಡೆ ತಿರುಗಿದರು.

ಅವ್ವ ಸುಳ್ಳು ಹೇಳುತ್ತಿರಲಿಲ್ಲ. ಶ್ರಾವಣದಲ್ಲಿ, ಹಬ್ಬದ ಬುಟ್ಟಿ ತೊಡೆಯ ಮೇಲಿರುವಾಗ, ಮಗುವಿನ ಸಾವಿನ ಮಾತನ್ನು ಬಾಯಿಂದ ಹೊರಡಿಸುವುದು ಅವಳಿಗೆ ಸಾಧ್ಯವಿರಲಿಲ್ಲ. ನನಗೂ ಸುಲಭವಿರಲಿಲ್ಲ. ಅಕ್ಕ ಹೋದದ್ದನ್ನು ನಾನು ಸ್ಟಾಫ್‌ರೂಮಿನಲ್ಲಿ ಯಾರಿಗೂ ಹೇಳಿರಲಿಲ್ಲ. ರಜೆಯ ಕಾರಣ ಕೇಳಿದವರಿಗೆ ಮನೆಯಲ್ಲಿ ಕೆಲಸವಿತ್ತು ಎಂದಿದ್ದೆ. ಅಪರಿಚಿತರ ಮುಂದೆ ಮನೆಯ ಮಾತನ್ನು ಬಿಚ್ಚುವುದೆಂದರೆ ನನಗೆ ಮೈಯೆಲ್ಲ ಹಿಡಿಯಾಗುತ್ತದೆ. ಆದರೆ ಸೇತುವೆಯ ಕೆಳಗಿನ ನೀರು ಕಣ್ಣಿಗೆ ಬಂತು.

"ಕೂಸಿನ್ನ ಅವರಪ್ಪ ಹೊಳಿ ದಂಡಿಗಿ ಕರಕೊಂಡು ಹೋಗಿದ್ರು" ಎಂದೆ. "ಇಬ್ಬರೂ ಸಾಯೂಣು ಅಂತ."

ಅವ್ವ ನನ್ನ ಮೊಣಕೈ ಚಿವುಟಿದಳು. "ಬಿಡ್ತು ಅನ್ನಬೇ! ಎಂಥಾ ಮಾತ ಅದು!"

ಅಧ್ಯಕ್ಷೆ ನಗಲಿಲ್ಲ, ಗದರಿಸಲೂ ಇಲ್ಲ. "ಬಿಡ್ತು ಆಮ್ಯಾಲ ಎಲ್ಲಾರೂ ಕೂಡಿ ಅನ್ನೂಣ್ರಿ ಅವ್ವಾರ. ನಾನೂ ಅಂತೇನಿ. ಮೊದ್ಲ ಖರೇ ಹೇಳ್ರಿ. ಆ ಮಾತ ನೀವು ಅನ್ನದಿದ್ರ, ಕೂಸಿನ್ನ ಅಲ್ಲಿಗೇ ಕಳಸಬೇಕಾಗ್ತದ."

ಅವ್ವ ಬುಟ್ಟಿಯನ್ನು ಕೆಳಗಿಟ್ಟಳು. ಸೆರಗಿನಿಂದ ಬಾಯಿ ಒರೆಸಿಕೊಂಡು ಒಂದೊಂದನ್ನೇ ಹೇಳಿದಳು: ಟ್ರ್ಯಾಕ್ಟರಿನಿಂದ ಮಗು ಬಿದ್ದದ್ದು, ಉಪವಾಸ ಮಲಗಿದ್ದು, ಹೊಳೆಯ ದಂಡೆ. ಇವುಗಳಲ್ಲಿ ಕೆಲವನ್ನು ಪಕ್ಕದ ಮನೆಯಾಕೆ ಮೊದಲೇ ಅವಳ ಕಿವಿಗೆ ಹಾಕಿದ್ದಳು, ನನಗೂ ಗೊತ್ತಿರಲಿಲ್ಲ. ಕೊನೆಗೆ, "ಅವನೂ ನಮ್ಮ ಕೂಸ ಇದ್ದಂಗ್ರಿ. ಅವನಿಗೂ ಏನರ ಮಾಡ್ರಿ" ಎಂದಳು.

ಪಕ್ಕದ ಕೋಣೆಯಿಂದ ಮಗು ಬಿಸ್ಕೀಟು ಹಿಡಿದುಕೊಂಡು ಬಂತು. ಜತೆಯಲ್ಲಿದ್ದವರು ಅಧ್ಯಕ್ಷೆಯ ಕಿವಿಯಲ್ಲಿ ಏನೋ ಹೇಳಿದರು. ಅಧ್ಯಕ್ಷೆ ಮಗುವನ್ನು ಹತ್ತಿರ ಕರೆದು ಅವ್ವನತ್ತ ತೋರಿಸಿದರು.

"ಆಯಿ ಮನ್ಯಾಗ ಇರ್ತೀಯೇನವಾ?"

"ಇರ್ತೇನಿ. ಅಪ್ಪಗ ರೊಟ್ಟಿ ಯಾರ ಕೊಡ್ತಾರ?"

"ಅದನ್ನ ದೊಡ್ಡವರು ನೋಡ್ಕೋತಾರ. ಅದು ನಿನ್ನ ಕೆಲಸ ಅಲ್ಲ."

ಮಗು ಬಿಸ್ಕೀಟು ತಿನ್ನತೊಡಗಿತು.

ಅಂದೇ ಆದೇಶವಾಯಿತು. ಮಗು ಸದ್ಯಕ್ಕೆ ಅಜ್ಜಿಯ ವಶದಲ್ಲಿ. ತಂದೆ ನೋಡಬೇಕೆಂದರೆ ಸಮಿತಿಯ ಅನುಮತಿ ಬೇಕು. ತಂದೆಯನ್ನು ಚಿಕಿತ್ಸೆಗೆ ಸೇರಿಸುವ ವ್ಯವಸ್ಥೆಯನ್ನು ಘಟಕದವರು ನೋಡಬೇಕು. ಸಹಿ ಹಾಕಿದ ಮೇಲೆ ಅಧ್ಯಕ್ಷೆ ಪೆನ್ನು ಮುಚ್ಚಿ ಅವ್ವನತ್ತ ನೋಡಿ, "ಈಗ ಅನ್ರಿ" ಎಂದರು. "ಬಿಡ್ತು" ಎಂದಳು ಅವ್ವ. ಮೇಜಿನ ಆಚೆಯ ಮೂವರೂ ಬಿಡ್ತು ಎಂದರು. ಅವ್ವ ಬುಟ್ಟಿ ಬಿಚ್ಚಿ ಉಂಡಿ ಕೊಡಲು ಹೋದಳು. ಇಲ್ಲಿ ತೆಗೆದುಕೊಳ್ಳುವಂತಿಲ್ಲ ಎಂದರು. ಅವ್ವನಿಗೆ ಇವತ್ತಿಗೂ ಅದೊಂದು ಬೇಸರ.

ಆಮೇಲಿನದರಲ್ಲಿ ಹೇಳುವಂಥದ್ದು ಕಡಿಮೆ. ಮನೆ ನೋಡಲು ಜನ ಬಂದರು, ಆದೇಶ ಮುಂದುವರಿಯಿತು. ಮಗು ಶಾಲೆಗೆ ಸೇರಿತು. ನನ್ನನ್ನು ಚಿಗವ್ವ ಎನ್ನುತ್ತದೆ. ರೊಟ್ಟಿ ಉಬ್ಬಿದ ಕೂಡಲೇ ಬೆರಳಿನಿಂದ ಚುಚ್ಚಿ ಹಬೆ ಬಿಡುವ ಹಕ್ಕು ತನ್ನದೇ ಎಂದು ಜಗಳವಾಡುತ್ತದೆ. ನನ್ನ ಉತ್ತರಪತ್ರಿಕೆಗಳ ಪಕ್ಕದಲ್ಲಿ ಕುಳಿತು ತಾನೂ ಕೆಂಪು ಪೆನ್ಸಿಲಿನಿಂದ ಗೀಚುತ್ತದೆ. ಸಂಜೆ ಕಾಲೇಜಿನಿಂದ ಬರುವಾಗ ನನ್ನ ಹೆಜ್ಜೆ ತಾನಾಗಿ ಬೇಗ ಬೀಳುತ್ತದೆ. ಅದನ್ನು ನಾನು ಯಾರಿಗೂ ಹೇಳಿಲ್ಲ.

ಮಾಮಾ ಚಿಕಿತ್ಸೆಗೆ ಹೋದರು, ಅರ್ಧಕ್ಕೆ ಬಿಟ್ಟು ಬಂದರು, ಮತ್ತೆ ಹೋದರು. ಎರಡನೆಯ ಸಲ ಮುಗಿಯುವವರೆಗೂ ಅಲ್ಲೇ ನಿಂತರು. ಮೊದಮೊದಲು ಕಲಬುರಗಿಯ ಕಚೇರಿಯಲ್ಲಿ, ಆಮೇಲೆ ನಮ್ಮ ಮನೆಯಲ್ಲೇ ಮಗುವನ್ನು ನೋಡಿ ಹೋಗಲು ಅನುಮತಿ ಸಿಕ್ಕಿತು.

ಈ ವರ್ಷ ಪಂಚಮಿಯ ಮುಂಚೆ ಅವರು ಬಂದಾಗ ಗಡ್ಡ ತೆಗೆದಿದ್ದರು. ಹೆಗಲ ಮೇಲೆ ಹಗ್ಗದ ಸುರುಳಿ ಇತ್ತು. ಅವ್ವ ಬಾಗಿಲಿಗೆ ಬಂದವಳು ಮಗುವಿನ ಭುಜದ ಮೇಲೆ ಕೈಯಿಟ್ಟು ನಿಂತಳು. ಹಬ್ಬ ಆದ ಮೇಲೆ ಕಳಿಸುತ್ತೇನೆಂದು ಒಪ್ಪಿದ್ದು ಅವಳಿಗೆ ನೆನಪಿತ್ತೆಂದು ನನಗೆ ಗೊತ್ತು. ಮಾಮಾಗೂ ಅದು ಕಂಡಿರಬೇಕು. ಅವರು ಹೊಸ್ತಿಲ ಹೊರಗೇ ನಿಂತು ಹೇಳಿದರು:

"ಕರಿಯಾಕ ಬಂದಿಲ್ರಿ ಅತ್ತಿ. ಜೋಕಾಲಿ ಕಟ್ಟಿ ಹೋಗ್ತೇನಿ."

"ಹೋಗ್ತೇನಿ ಅನಬಾರದು" ಎಂದಳು ಅವ್ವ. "ಬರ್ತೇನಿ ಅನ್ನು. ಬಾ ಒಳಗ, ಚಹಾ ಕುಡಿ."

ಬೇವಿನ ಟೊಂಗೆಗೆ ಅವರು ಟ್ರ್ಯಾಕ್ಟರಿನ ಹೇರು ಬಿಗಿಯುವ ಗಂಟನ್ನೇ ಹಾಕಿದರು. ಮೊದಲು ತಾವು ಜೋತುಬಿದ್ದು ಎಳೆದು ನೋಡಿದರು. "ಮಾಸ್ತರಬಾಯಿ, ನೀವೂ ಒಮ್ಮಿ ಕುಂತ ನೋಡ್ರಿ, ನಿಮ್ಮ ಭಾರ ತಡೀತಂದ್ರ ಕೂಸಿನ ಭಾರ ತಡೀತದ" ಎಂದರು. ಎಷ್ಟೋ ದಿನಗಳ ಮೇಲೆ ಆ ಹೆಸರು ಕೇಳಿದೆ. ಕುಳಿತೆ. ತಡೆಯಿತು.

ಮಗು ಏರಿ, "ಇನ್ನಾ ಜೋರಪ್ಪಾ, ಇನ್ನಾ ಜೋರ!" ಎಂದು ಕಿರುಚಿತು. ಅವರು ಮೆಲ್ಲಗೇ ತೂಗಿದರು. ಅಡುಗೆಮನೆಯ ಕಿಟಕಿಯಿಂದ ಅವ್ವ ಕೂಗಿದಳು, "ಭಾಳ ಎತ್ತರ ಬ್ಯಾಡೋ, ಕೂಸು ಬಿದ್ದ..." ಅಲ್ಲಿಗೇ ಮಾತು ತಡೆದು, ತನಗೆ ತಾನೇ "ಬಿಡ್ತು, ಬಿಡ್ತು" ಎಂದಳು. ಜೋಕಾಲಿ ಮೇಲೆ ಹೋಗುತ್ತಿದ್ದ ಮಗುವೂ ಅಲ್ಲಿಂದಲೇ ಬಿಡ್ತು ಎಂದಿತು.