ಡ್ರಾಯಿಂಗ್ ಮೇಷ್ಟ್ರ ನರಭಕ್ಷಕ ಹುಳ

ಶಿಡ್ಲಘಟ್ಟದಲ್ಲಿ ನಮಗೊಬ್ಬರು ಡ್ರಾಯಿಂಗ್ ಮೇಷ್ಟ್ರಿದ್ದರು. ಭಾನುವಾರ ಮಧ್ಯಾಹ್ನ ಅವರ ಮನೆಯಲ್ಲಿ ನಾವು ನಾಲ್ವರು ಗೆಳೆಯರು ಆಟದ ವೀರರಾಗುತ್ತಿದ್ದೆವು. ಅವರು ಕಥೆ ಹೇಳುತ್ತ, ದಾಳವನ್ನು ಮೇಜಿಗೆ ಧಡ್ಡೆಂದು ಬಡಿದು, ನಮ್ಮ ಮೇಲೆ ರಾಕ್ಷಸರನ್ನು ಬಿಡುತ್ತಿದ್ದರು. ನಾವು ಏನು ಮಾಡಿದೆವೆಂದು ಬಾಯಲ್ಲಿ ಹೇಳಬೇಕು, ಮುಂದೇನಾಯಿತೆಂದು ದಾಳ ಹೇಳುತ್ತಿತ್ತು. ರಾಕ್ಷಸರೆಲ್ಲ ವಿದೇಶಿ ಪುಸ್ತಕದವರು. ಅವರನ್ನು ನಮ್ಮ ಸೀಮೆಗೆ ಒಗ್ಗಿಸುವುದೇ ಮೇಷ್ಟ್ರ ಹೆಮ್ಮೆ. ಮೀಸೆ ತೀಡುತ್ತ ಮೊದಲು ಕೇಳುತ್ತಿದ್ದುದು ಒಂದೇ: "ನಮ್ಮ ಕಡೆ ಬಂದ್ರೆ ಇದು ಏನಪ್ಪ ತಿನ್ನುತ್ತೆ?" ಹಿಮದ ಹಲ್ಲಿಯೊಂದು ಹಾಗೆಯೇ ಚಿಂತಾಮಣಿಯ ಕೋಲ್ಡ್ ಸ್ಟೋರೇಜ್ ಸೇರಿ, ಮಾವಿನಹಣ್ಣು ತಿಂದು ಕೊಬ್ಬಿತ್ತು.

ಕೊನೆಯ ಕಾಳಗಕ್ಕೆಂದು ಅವರು ತಿಂಗಳುಗಟ್ಟಲೆ ಚಿತ್ರ ಬರೆದು ಹರಿದು, ಒಂದು ನರಭಕ್ಷಕ ಹುಳವನ್ನು ಸಿದ್ಧಮಾಡಿದರು.

"ಬೆಳ್ಳಗೆ, ಬಸ್ಸಿನಷ್ಟು ದಪ್ಪ! ಗುಹೆಯೊಳಗೆ ತಲೆ ಎತ್ತಿ ಅಲ್ಲಾಡದೆ ನಿಂತಿದೆ!" ಎಂದು ಅಬ್ಬರಿಸಿದರು.

ನಮ್ಮ ನಾಲ್ವರಲ್ಲಿ ಮೇಲೂರಿನ ಗೆಳತಿಯ ಮನೆಯಲ್ಲಿ ರೇಷ್ಮೆಹುಳು ಸಾಕುತ್ತಿದ್ದರು. ಅವಳು ಕತ್ತಿ ಕೆಳಗಿಟ್ಟೆ ಎಂದಳು. "ಮೆಲ್ಲಗೆ ಮಾತಾಡಿ ಸಾರ್. ಪೊರೆ ಬಿಡೋಕೆ ಜ್ವರಕ್ಕೆ ಕೂತಿದೆ. ಈಗ ಮುಟ್ಟಬಾರದು."

ರೇಷ್ಮೆಹುಳು ಪೊರೆ ಬಿಡುವ ಮುನ್ನ ಮೇವು ಬಿಟ್ಟು, ತಲೆ ಎತ್ತಿ ನಿದ್ದೆಹೋಗುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಉಳಿದ ನಾವು ಮೂವರೂ ರೇಷ್ಮೆ ಮನೆಯವರೇ. ಪಂಜು ಆರಿಸಿ ಗುಹೆಯ ಹೊರಗೆ ಕೂತೆವು ಎಂದೆವು.

"ಅದು ಮನುಷ್ಯರನ್ನ ತಿನ್ನುತ್ತೆ ಕಣ್ರೋ!"

"ಜ್ವರದಾಗೆ ಏನೂ ತಿನ್ನಲ್ಲ ಸಾರ್. ಎದ್ಮೇಲೆ ಸೊಪ್ಪು ಹಾಕಣ."

ಮೇಷ್ಟ್ರು ತಮ್ಮ ಪುಸ್ತಕ ನೋಡಿದರು, ನಮ್ಮ ಮುಖ ನೋಡಿದರು, ಮೀಸೆ ತೀಡಿದರು. ಹುಳ ಎದ್ದಿತೋ ಇಲ್ಲವೋ ತಿಳಿಯಲು ದಾಳ ಹಾಕಬೇಕಿತ್ತು. ಅವರು ಹೆಗಲ ಮೇಲಿನ ಟವೆಲ್ ತೆಗೆದು ಮೇಜಿನ ಮೇಲೆ ಹಾಸಿ, ಸದ್ದಾಗದಂತೆ ದಾಳ ಉರುಳಿಸಿದರು.