ಗುಂಡಿನ ಮೇಲಿನ ಗೀರು

ನೀರು ಬಿಡುವ ಮುನ್ನ ಪಂಪು ನೋಡಿಕೊಳ್ಳುವ ಕಾಕಾ ಬೆರಳಿನ ಉಂಗುರ ತೆಗೆದು ಹಲ್ಲಲ್ಲಿ ಕಚ್ಚಿಕೊಳ್ಳುತ್ತಿದ್ದ. ಕಲ್ಲಿಗೆ ಗೀರು ಬೀಳಬಾರದೆಂದು. ಆಮೇಲೆ ಒದ್ದೆ ಅಂಗೈಯನ್ನು ಗ್ರಾನೈಟ್ ಗುಂಡಿನ ಮೇಲಿಟ್ಟು ಕಣ್ಣು ಮುಚ್ಚುತ್ತಿದ್ದ.

ರಾಣೆಬೆನ್ನೂರಿನ ಒಂದು ಉದ್ಯಾನದಲ್ಲಿ ಆ ಕಾರಂಜಿ ಕೂರಿಸಿದ್ದು ನಮ್ಮ ಗುತ್ತಿಗೆದಾರರು. ಎದೆಮಟ್ಟದ ಗುಂಡು, ಅದರ ಅಳತೆಗೇ ಕೊರೆದ ಕಲ್ಲಿನ ಬಟ್ಟಲು. ನಡುವೆ ಕಾಗದದಷ್ಟು ತೆಳ್ಳಗೆ ನೀರು ನುಗ್ಗಿದರೆ ಸಾಕು, ಹತ್ತು ಜನ ಸೇರಿದರೂ ಅಲುಗದ್ದು ಒಂದು ಬೆರಳಿಗೆ ತಿರುಗುತ್ತಿತ್ತು. ಉದ್ಘಾಟನೆಗೆ ಮೊದಲು ಪರೀಕ್ಷೆಗೆಂದು ನೀರು ಬಿಟ್ಟಾಗ ಬೇಲಿ ದಾಟಿ ಬಂದ ಮಕ್ಕಳಿಗೆ ಕಾಕಾನ ಪಾಠ ಒಂದೇ: "ದೂಡಬ್ಯಾಡ್ರಿ, ಸವರ್ರಿ. ತಾನ ತಿರಗತೈತಿ."

ಕಾಕಾ ನಮ್ಮೂರು ಕುಪ್ಪೇಲೂರಿನವನೇ. ನಾನು ಆ ಕಾರಂಜಿ ಕೆಲಸಕ್ಕೆ ಇಂಜಿನಿಯರ್. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವನು. ಎರಡು ಸಲ ಫೇಲಾಗಿ ಪಾಸಾದವನು. ಆ ಹೆಮ್ಮೆ ಇವತ್ತಿಗೂ ಇದೆ. ಇಬ್ಬರೇ ಇದ್ದಾಗ "ತಮ್ಮಾ" ಎನ್ನುವ ಕಾಕಾ ಬೇರೆಯವರ ಮುಂದೆ "ಸಾಹೇಬ್ರ" ಎನ್ನುತ್ತಿದ್ದ.

ಉದ್ಘಾಟನೆಯ ಹಿಂದಿನ ದಿನ ಗುಂಡು ನಿಧಾನವಾಯಿತು. ಪಂಪಿನ ಬಾಯಿಗೆ ಹಾಕಿದ್ದ ಸೋಸುವ ಜಾಳಿ ನೀರನ್ನು ತಡೆಯುತ್ತಿದೆ, ತೆಗೆದುಬಿಡು ಎಂದೆ.

"ಬ್ಯಾಡ ತಮ್ಮಾ. ಬೋರಿನ ನೀರು, ಉಸುಕು ಬರತೈತಿ. ಜಾಳಿ ತೊಳದು ಹಾಕತೇನಿ, ಒಂದ ತಾಸು ತಡಿ."

"ಓದಿದಾಂವ ನಾನೋ ನೀನೋ ಕಾಕಾ?"

"ನೀನಪಾ," ಎಂದು ನಕ್ಕು ಜಾಳಿ ಬಿಚ್ಚಿಟ್ಟ.

ಮರುದಿನ ಅತಿಥಿಗಳು ಕೈ ಹಚ್ಚುವ ಹೊತ್ತಿಗೆ ಕರಕರ ಸದ್ದಾಯಿತು. ಗುಂಡು ನಿಂತಿತು. ಗುತ್ತಿಗೆದಾರರು ಪಂಪು ನೋಡಿಬಂದು ಕೂಗಿದರು: "ಜಾಳಿ ಯಾವ ಶಾಣ್ಯಾ ತಗದಾನಲೇ?"

ಕಾಕಾ ನನ್ನ ಮುಖ ನೋಡಿದ. ನಾನು ಗುಂಡನ್ನು ನೋಡಿದೆ.

"ನಾನ ಬಿಚ್ಚೇನ್ರಿ," ಎಂದ.

ಅದು ಸುಳ್ಳೂ ಅಲ್ಲ. ಬಿಚ್ಚಿದ ಕೈ ಅವನದೇ. ಬಿಚ್ಚಲು ಹೇಳಿದ ಬಾಯಿ ನನ್ನದು, ಅದು ತೆರೆಯಲಿಲ್ಲ. ಸಂಜೆಗೆ ಕಾಕಾನ ಕೆಲಸ ಹೋಯಿತು.

ಕ್ರೇನಿನಿಂದ ಗುಂಡು ಎತ್ತಿಸಿ, ಉಸುಕು ತೊಳೆಸಿ, ಜಾಳಿ ಹಾಕಿಸಿದ ಮೇಲೆ ಮತ್ತೆ ತಿರುಗಿತು. ಕಾಕಾ ಬ್ಯಾಡಗಿಯ ಕೋಲ್ಡ್ ಸ್ಟೋರೇಜಿನಲ್ಲಿ ಮೆಣಸಿನಕಾಯಿ ಚೀಲ ಹೊರಲು ಸೇರಿದ. ತಪ್ಪೊಪ್ಪಿಕೊಳ್ಳಲೆಂದೇ ಒಮ್ಮೆ ಹೋದೆ. ಸೀನುತ್ತ ಹೊರಗೆ ಬಂದವನು ಚಹಾ ಹೇಳಿದ.

"ಗುಂಡು ತಿರಗಾಕತ್ತೈತೇನು ತಮ್ಮಾ?"

"ತಿರಗಾಕತ್ತೈತಿ ಕಾಕಾ."

"ಜಾಳಿ ವಾರಕ್ಕೊಮ್ಮಿ ತೊಳಸು."

ಚಹಾ ಕುಡಿದು ಬಸ್ಸು ಹತ್ತಿದೆ. ಅಷ್ಟೇ.

ಹೋದ ವರ್ಷ ಕಾಕಾ ತೀರಿಕೊಂಡ. ಮಣ್ಣಿಗೆ ಹೋದಾಗ ಹಿಂದಿನಿಂದ ಯಾರೋ ಅಂದರು: "ರಾಣೆಬೆನ್ನೂರಾಗ ಗುಂಡು ಕೆಡಿಸಿದಾಂವ ಇವನ ನೋಡು." ಅವನ ಮಗಳು ಅದನ್ನು ಕೇಳಿಸಿಕೊಂಡು ತಲೆ ತಗ್ಗಿಸಿದಳು. ನಾನು ಹಿಡಿ ಮಣ್ಣು ಹಾಕಿ ಬಂದೆ.

ಗುಂಡಿನ ಮೇಲೆ ಆ ದಿನದ ಗೀರು ಇನ್ನೂ ಇದೆ. ಮೇಲೆ ಬರುತ್ತದೆ, ಕೆಳಗೆ ಹೋಗುತ್ತದೆ, ಮತ್ತೆ ಬರುತ್ತದೆ. ಕಾಕಾನ ಮಗಳು ತನ್ನ ಮಗುವನ್ನು ಆ ಉದ್ಯಾನಕ್ಕೆ ಕರೆತರುವುದಿಲ್ಲವಂತೆ. ಅವಳು ಓದಲಿ ಎಂದು ಇದನ್ನು ಬರೆದೆ.

ತಂಗೀ, ಜಾಳಿ ತೆಗೆ ಎಂದವನು ನಾನು. ನಿಮ್ಮಪ್ಪ ಬೇಡ ಎಂದಿದ್ದ.