ತಾಮ್ಸಿನ್ ಗೀರಿದ ಕಡ್ಡಿ

ಬೆಂಕಿಪೊಟ್ಟಣ ಇನ್ನೂ ಹುಟ್ಟದಿದ್ದ ಕಾಲ. ಇಂಗ್ಲೆಂಡಿನ ಉತ್ತರದ ಒಂದು ನದಿದಂಡೆಯ ಊರಿನಲ್ಲಿದ್ದ ತಾಮ್ಸಿನ್ ರೇನ್ ಎಂಬ ವಿಧವೆಗೆ ಬೆಂಕಿಯೆಂದರೆ ಜೀವ ಹಾರಿಹೋಗುವಷ್ಟು ಭಯ. ಒಂಬತ್ತು ವರ್ಷದವಳಿದ್ದಾಗ ಹುಲ್ಲುಚಾವಣಿಯ ಮನೆ ಹೊತ್ತಿಕೊಂಡು, ತಂಗಿ ಒಳಗೇ ಉಳಿದುಬಿಟ್ಟಿದ್ದಳು. ಆಮೇಲೆ ತಾಮ್ಸಿನ್ ಚಕಮಕಿ ಕಲ್ಲು ಮುಟ್ಟಿದವಳಲ್ಲ. ನಲವತ್ತು ದಾಟಿದರೂ ಒಲೆ ಹಚ್ಚಲು ಪಕ್ಕದ ಮನೆಯ ಡೈನಾಳೇ ಬರಬೇಕು.

“ಬಂದ್ಲಪ್ಪಾ ಮಹಾರಾಣಿ! ನಾ ಸತ್ರೆ ನಿನ್ನೊಲೆ ಹಚ್ಚೋರು ಯಾರೇ?” ಎಂದು ಕರೆಯಲು ಹೋದಾಗಲೆಲ್ಲ ಡೈನಾ ರೇಗಿಸುವಳು.

“ತಣ್ಣೀರಲ್ಲಿ ಓಟ್ಸ್ ಕಲಸ್ಕೊಂಡು ತಿಂತೀನಿ, ನೀ ನಿಶ್ಚಿಂತೆಯಾಗಿ ಸಾಯಿ.”

ತಾಮ್ಸಿನ್ ದುಡಿಯುತ್ತಿದ್ದುದು ಗಾರ್ಬಟ್ ಎಂಬವರ ಔಷಧದಂಗಡಿಯಲ್ಲಿ. ನೆಲ ಒರೆಸುವುದು, ಕುಡಿಕೆ ತೊಳೆಯುವುದು. ಗಾರ್ಬಟ್ ಬೇಟೆಗಾರರ ಕೋವಿಗಳಿಗೆಂದು ಏನೇನೋ ಪುಡಿ ಅರೆದು ಗೋಂದಿನಲ್ಲಿ ಕಲಸುತ್ತಿದ್ದರು. ಕಲಸಿದ ಕಡ್ಡಿಯನ್ನು ಅಲ್ಲೇ ಬಿಸಾಡಿ ಏಳುವುದು ಅವರ ಚಾಳಿ.

ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಅವರು ಯಾರೋ ರೋಗಿಯನ್ನು ನೋಡಲು ಹೋಗಿದ್ದರು. ಹಿಂದಿನ ಕೋಣೆಯ ಒಲೆ ಆರಿತ್ತು. ಆರಿದ್ದರಿಂದಲೇ ತಾಮ್ಸಿನ್ ಧೈರ್ಯ ಮಾಡಿ ಅದರೆದುರು ಮಂಡಿಯೂರಿದ್ದಳು. ಬಿದ್ದಿದ್ದ ಕಡ್ಡಿಯೊಂದರ ತುದಿಗೆ ಮದ್ದು ಗಂಟಾಗಿ ಒಣಗಿತ್ತು. ಉಗುರಿನಿಂದ ಕೆರೆದರೆ ಬಿಡಲಿಲ್ಲ. ಒಲೆಯ ಮುಂದಿನ ಕಲ್ಲಿಗೆ ಬಲವಾಗಿ ಉಜ್ಜಿದಳು.

ಚಟಪಟ ಸದ್ದಾಗಿ ಕಡ್ಡಿಯ ತುದಿ ಭಗ್ಗನೆ ಹೊತ್ತಿತು. ಕೆಂಡವಿಲ್ಲ, ಚಕಮಕಿಯಿಲ್ಲ, ತನ್ನ ಕೈಯಲ್ಲೇ ಬೆಂಕಿ! ಕಡ್ಡಿಯನ್ನು ನೆಲ ಒರೆಸುವ ನೀರಿನ ಬಕೆಟ್ಟಿಗೆ ಎಸೆದು, ಬರಿಗಾಲಲ್ಲೇ ಬೀದಿಗೆ ಬಿದ್ದು ಮನೆ ಸೇರಿದಳು. ಇಷ್ಟು ವರ್ಷ ತಪ್ಪಿಸಿಕೊಂಡಿದ್ದೆ, ಈಗ ತಾನಾಗಿ ಹುಡುಕಿಕೊಂಡು ಬಂತು ಎಂದುಕೊಂಡಳು. ಎರಡು ದಿನ ಡೈನಾಳನ್ನೂ ಒಳಗೆ ಬಿಡಲಿಲ್ಲ. ಚಳಿಗೆ ಅಂಗೈ ಉಜ್ಜಿಕೊಳ್ಳಲೂ ಹೆದರಿಕೆ. ತಲೆ ಬಾಚಲೂ ಹೆದರಿಕೆ.

ಮೂರನೆಯ ದಿನ ಗಾರ್ಬಟ್ ಬಾಗಿಲಿಗೆ ಬಂದರು. ಕೈಯಲ್ಲಿ ಅದೇ ಅರೆಸುಟ್ಟ ಕಡ್ಡಿ. ತಾಮ್ಸಿನ್ ಹೊರಗೆ ಬಂದು ಬೇಡಿಕೊಂಡಳು.

“ಧಣೀ, ನಾ ಮಾಟಗೀಟ ಮಾಡ್ದೋಳಲ್ಲ. ಜೈಲಿಗೆ ಮಾತ್ರ ಹಾಕಿಸ್ಬೇಡಿ.”

“ಜೈಲೇನು ಬಂತೇ! ಆರಿದ ಒಲೆ ಮುಂದೆ ಇದು ಹೇಗೆ ಹೊತ್ತಿತು ಅಂತ ತಲೆ ಕೆಟ್ಟುಹೋಗಿದೆ ನಂಗೆ. ಏನ್ ಮಾಡ್ದೆ ಹೇಳು.”

“ಕಲ್ಲಿಗೆ ಉಜ್ಜಿದೆ.”

“ಅಷ್ಟೇನಾ?”

“ಅಷ್ಟೇ, ದೇವರಾಣೆ.”

ಗಾರ್ಬಟ್ ಜೇಬಿನಿಂದ ಇನ್ನೊಂದು ಕಡ್ಡಿ ತೆಗೆದು ಅವಳ ಹೊಸ್ತಿಲಿಗೇ ಗೀರಿದರು. ಅದೂ ಹೊತ್ತಿತು. ಗದ್ದಲಕ್ಕೆ ಹೊರಬಂದಿದ್ದ ಡೈನಾಳ ಬೆನ್ನ ಹಿಂದೆ ತಾಮ್ಸಿನ್ ಅವಿತುಕೊಂಡಳು. ಗಾರ್ಬಟ್ ಮಾತ್ರ ಬೆರಳು ಸುಡುವವರೆಗೂ ಅದನ್ನೇ ನೋಡುತ್ತ ನಿಂತರು.

ಬೇಸಿಗೆಯ ಹೊತ್ತಿಗೆ ಬೆಂಕಿಕಡ್ಡಿಗಳು ತಗಡಿನ ಕೊಳವೆಗಳಲ್ಲಿ, ಗೀರಲೊಂದು ಚೂರು ಉಪ್ಪುಕಾಗದದೊಂದಿಗೆ ಅಂಗಡಿಯಲ್ಲಿ ಮಾರಾಟವಾದವು. ಮದ್ದಿನಲ್ಲಿ ಕಡ್ಡಿ ಅದ್ದುವ ಕೆಲಸಕ್ಕೆ ಬಾ, ಹೆಚ್ಚಿಗೆ ಕೂಲಿ ಕೊಡುತ್ತೇನೆ ಎಂದು ಗಾರ್ಬಟ್ ಕರೆದರು. ತಾಮ್ಸಿನ್ ಅಂಗಡಿಯನ್ನೇ ಬಿಟ್ಟಳು. ಹಿಂದೆ ಬೆಂಕಿ ಒಲೆಯಲ್ಲಿರುತ್ತಿತ್ತು, ದೂರ ಇದ್ದರೆ ಆಯಿತು. ಈಗ ಅದು ಊರಿನ ಗಂಡಸರ ಜೇಬು ಸೇರಿತ್ತು. ಚರ್ಚಿನಲ್ಲಿ ಪಕ್ಕದವನು ಕರವಸ್ತ್ರಕ್ಕೆ ಜೇಬಿಗೆ ಕೈ ಹಾಕಿದರೂ ಅವಳಿಗೆ ಬೆವರು ಕಿತ್ತುಬರುತ್ತಿತ್ತು.

ಕಡೆಗೆ ನದಿಯಲ್ಲಿ ಸಾಲ್ಮನ್ ಮೀನು ಹಿಡಿಯುವವರ ಹತ್ತಿರ ಮೀನು ಸೀಳುವ ಕೆಲಸ ಹಿಡಿದಳು. ಮಂಡಿಯುದ್ದ ನೀರಿನಲ್ಲಿ ನಿಂತು ಮಾಡುವ ಕೆಲಸ. ಕೈಕಾಲು ಮರಗಟ್ಟಿದರೂ ಮನಸ್ಸಿಗೆ ಹಾಯೆನಿಸಿತು. ಒಂದು ದಿನ ಮೇಸ್ತ್ರಿ ದಡದಲ್ಲಿ ಕೂತು ಚಿಲುಮೆ ತುಂಬಿ, ಜೇಬಿನಿಂದ ಕಡ್ಡಿ ತೆಗೆದ. ತಾಮ್ಸಿನ್ ಹಿಂದೆ ಹಿಂದೆ ಸರಿಯುತ್ತ ಸೊಂಟದವರೆಗೆ ನೀರಿಗಿಳಿದಳು.

“ನೀರು ಕೊರೆಯೋದಿಲ್ವೇನಮ್ಮಾ?” ಎಂದ ಮೇಸ್ತ್ರಿ.

“ನೀವು ಹಚ್ಕೊಳ್ಳಿ ಅಣ್ಣಾ,” ಎಂದಳು ಹಲ್ಲು ಕಟಕಟಿಸುತ್ತ. “ನಾನಿಲ್ಲೇ ಇರ್ತೀನಿ.”